ಅಕ್ಕ ಹೇಳಿದ ಸೈಗಾನ್

ಹೋದ ವಾರ ಗುಡಗೇರಿಯ ಸಂತೆಗೆ ಬದನೆಕಾಯಿ ತರಲು ಹೋದವನು ಬದನೆಕಾಯಿ ಮರೆತು ಒಂದು ಪ್ಲಾಸ್ಟಿಕ್ ಸ್ಟೂಲು ಹಿಡಿದುಕೊಂಡು ಮನೆಗೆ ಬಂದೆ. ಕೆಂಪು ಬಣ್ಣದ, ಮೊಳಕಾಲಿಗೂ ಬಾರದ ಗಿಡ್ಡ ಸ್ಟೂಲು. ನನ್ನ ಹೆಂಡತಿ ಅದನ್ನು ಎತ್ತಿ, ಬುಡಮೇಲು ಮಾಡಿ, ಕಾಲು ಎಣಿಸಿ, "ಬಚ್ಚಲದಾಗ ಒಂದು ಐತಲ್ರಿ, ಮತ್ಯಾಕ ತಂದ್ರಿ?" ಎಂದಳು.

"ಬಚ್ಚಲಕ್ಕಲ್ಲ."

"ಮತ್ತ?"

"ಸೈಗಾನ್ ನೆನಪಾತು."

ಅವಳು ಖಾಲಿ ಚೀಲವನ್ನು ಗೂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ನಿವೃತ್ತನಾದ ಗಂಡ ಆಡುವ ಮಾತಿಗೆಲ್ಲ ಅರ್ಥ ಹುಡುಕುತ್ತ ಕೂಡಬಾರದೆಂಬ ವಿವೇಕ ಅವಳಿಗೆ ಬಂದು ಬಹಳ ದಿನವಾಗಿದೆ.

ನೀವಾದರೂ ಕೇಳಬಹುದು, ಈ ಮನುಷ್ಯ ವಿಯೆಟ್ನಾಮಿನ ಸೈಗಾನಿಗೆ ಯಾವಾಗ ಹೋಗಿದ್ದ ಎಂದು. ಹೋಗಿಲ್ಲ. ನಾನು ಉತ್ತರಕ್ಕೆ ಸೊಲ್ಲಾಪುರ, ದಕ್ಷಿಣಕ್ಕೆ ಮೈಸೂರು ದಾಟಿದವನಲ್ಲ. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸಿ, ನಿವೃತ್ತಿಯಾದ ಮೇಲೆ ಹುಟ್ಟಿದೂರು ಗುಡಗೇರಿಗೇ ಮರಳಿದವನು. ಆದರೂ ಸೈಗಾನಿನ ಒಂದು ಓಣಿ ನನಗೆ ನಮ್ಮ ಓಣಿಯಷ್ಟೇ ಗೊತ್ತು. ಅಲ್ಲಿ ಬೆಳಗಾದರೆ ಫುಟ್‌ಪಾತಿನ ಮೇಲೆ ಇಂಥವೇ ಗಿಡ್ಡ ಸ್ಟೂಲುಗಳ ಸಾಲು ಹರಡಿಕೊಳ್ಳುತ್ತದೆ. ಜನ ಮೊಳಕಾಲು ಗಲ್ಲಕ್ಕೆ ತಾಗುವ ಹಾಗೆ ಕುಳಿತು ಬಿಸಿಬಿಸಿ ಸಾರು ಹೀರುತ್ತಾರೆ. ಇದನ್ನು ನಾನು ಸಿನಿಮಾದಲ್ಲಿ ಕಂಡೆ ಎನ್ನುವುದು ಅರ್ಧ ನಿಜ. ಉಳಿದರ್ಧವನ್ನು ನನಗೆ ತೋರಿಸಿದವಳು ನಮ್ಮ ನೀಲಕ್ಕ. ಅವಳೂ ಸೈಗಾನಿಗೆ ಹೋಗಿಲ್ಲ. ಅವಳಿರುವುದು ಕುಬಿಹಾಳದಲ್ಲಿ, ನಮ್ಮೂರಿನ ಹಾಗೆಯೇ ಕುಂದಗೋಳ ತಾಲೂಕಿನ ಕರಿಮಣ್ಣಿನ ಊರು.

ನೀಲಕ್ಕ ನನ್ನ ಒಡಹುಟ್ಟಿದ ಅಕ್ಕ. ಅವಳ ಬಗ್ಗೆ ಹೇಳಬೇಕೆಂದರೆ ಮೆಣಸಿನಕಾಯಿಯಿಂದಲೇ ಶುರು ಮಾಡಬೇಕು.

ನಾವು ಸಣ್ಣವರಿದ್ದಾಗ ಸುಗ್ಗಿಯಲ್ಲಿ ವ್ಯಾಪಾರಸ್ಥರು ಒಣ ಮೆಣಸಿನಕಾಯಿಯ ಚೀಲಗಳನ್ನು ಮನೆಮನೆಗೆ ಕೊಟ್ಟು ತೊಟ್ಟು ಬಿಡಿಸಿಕೊಳ್ಳುತ್ತಿದ್ದರು. ನಮ್ಮ ಪಡಸಾಲೆ ದೊಡ್ಡದು, ಆದ್ದರಿಂದ ಓಣಿಯ ಹೆಂಗಸರೆಲ್ಲ ಅಲ್ಲಿಯೇ ಸೇರುತ್ತಿದ್ದರು. ನಡುವೆ ಕೆಂಪು ಗುಡ್ಡದಂತೆ ಮೆಣಸಿನಕಾಯಿ, ಸುತ್ತ ಹೆಂಗಸರು, ಅವರ ಸುತ್ತ ಸೀನುವ ಮಕ್ಕಳು. ಆ ಘಾಟಿನಲ್ಲಿ ಹೊತ್ತು ಹೋಗಬೇಕಾದರೆ ಯಾರಾದರೂ ಏನಾದರೂ ಹೇಳುತ್ತಿರಬೇಕು. ಹೇಳುವ ಕೆಲಸ ನೀಲಕ್ಕನದು.

ಹುಬ್ಬಳ್ಳಿಯಲ್ಲಿ ನಮ್ಮ ಸೋದರತ್ತೆ ಇದ್ದಳು. ಅವಳಿಗೆ ಸಿನಿಮಾದ ಹುಚ್ಚು, ಒಬ್ಬಳೇ ಹೋಗಲು ಸಂಕೋಚ. ಆದ್ದರಿಂದ ಆಗಾಗ ಅಕ್ಕನನ್ನು ಕರೆಸಿಕೊಳ್ಳುತ್ತಿದ್ದಳು. ಅಕ್ಕ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ, ಸಿನಿಮಾ ನೋಡಿ, ಮರುದಿನ ಗುಡಗೇರಿ ಸ್ಟೇಷನ್ನಿನಲ್ಲಿ ಇಳಿಯುವಾಗಲೇ ಅವಳ ತುಟಿ ಅಲ್ಲಾಡುತ್ತಿರುತ್ತಿದ್ದವು. ಸಂಜೆಯ ಹೊತ್ತಿಗೆ ಆ ಸಿನಿಮಾ ನಮ್ಮ ಪಡಸಾಲೆಯಲ್ಲಿ ಬಿಡುಗಡೆಯಾಗುತ್ತಿತ್ತು.

ಬರೀ ಕಥೆ ಹೇಳುತ್ತಿದ್ದಳು ಎಂದರೆ ಅವಳಿಗೆ ಅನ್ಯಾಯವಾಗುತ್ತದೆ. ಹೆಸರು ಬೀಳುವಲ್ಲಿಂದ ಹಿಡಿದು ಶುಭಂವರೆಗೆ ಎಲ್ಲವನ್ನೂ ಅವಳೇ ನಡೆಸುತ್ತಿದ್ದಳು. ನಾಯಕನಿಗೊಂದು ದನಿ, ಅವನ ತಾಯಿಗೊಂದು ದನಿ, ಖಳನಾಯಕನಿಗೆ ಹೊಟ್ಟೆಯೊಳಗಿನಿಂದ ಬರುವ ದನಿ. ಮಳೆ ಬಂದರೆ ಮೊರದ ಮೇಲೆ ಜೋಳದ ಕಾಳು ಸುರಿಯುತ್ತಿದ್ದಳು. ಕುದುರೆ ಬಂದರೆ ನಾನು ಬರುತ್ತಿದ್ದೆ. ಹೌದು, ನನ್ನ ಕಲಾಜೀವನ ಆರಂಭವಾದದ್ದೂ ಮುಗಿದದ್ದೂ ಕುದುರೆಯ ಪಾತ್ರದಲ್ಲಿಯೇ. ಎರಡು ತೆಂಗಿನ ಕರಟ ಕೈಯಲ್ಲಿ ಹಿಡಿದು ಟಕಟಕ ಬಡಿಯುತ್ತ ಪಡಸಾಲೆಯ ಈ ತುದಿಯಿಂದ ಆ ತುದಿಗೆ ಓಡಬೇಕು. ಬೇಗ ಓಡಿದರೆ, "ಲೇ, ಸಾವಕಾಶ, ನಾಯಕಿ ಬಿದ್ದಾಳು" ಎಂದು ಬೈಗುಳ. ಸಾವಕಾಶ ಓಡಿದರೆ, "ಇದೇನು ಎಮ್ಮೇನೋ?" ಎಂದು ನಗೆ.

ನಾಯಕಿಗೆ ಕಷ್ಟ ಬಂದಾಗ ಇಡೀ ಪಡಸಾಲೆ ಕಣ್ಣೊರೆಸಿಕೊಳ್ಳುತ್ತಿತ್ತು. ಆ ಕಣ್ಣೀರಿನಲ್ಲಿ ಮೆಣಸಿನಕಾಯಿಯ ಪಾಲೆಷ್ಟು, ನಾಯಕಿಯ ಪಾಲೆಷ್ಟು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೆರಗಿನಿಂದ ಒರೆಸಿಕೊಂಡಷ್ಟೂ ಉರಿ ಹೆಚ್ಚಾಗಿ ಅಳು ಇನ್ನೂ ಜೋರಾಗುತ್ತಿತ್ತು. ಅಂಥ ಯಶಸ್ಸು ಯಾವ ನಿರ್ದೇಶಕನಿಗೂ ಸಿಕ್ಕಿರಲಾರದು.

ಮುಂದೆ ನಾನು ಕಾಲೇಜಿಗೆಂದು ಹುಬ್ಬಳ್ಳಿಗೆ ಹೋದಾಗ ಅಕ್ಕ ಹೇಳಿದ್ದ ಹಳೆಯ ಸಿನಿಮಾವೊಂದು ಮತ್ತೆ ಬಂದಿತ್ತು. ದುಡ್ಡು ಕೊಟ್ಟು ನೋಡಿ ಬಂದೆ. ನಿರಾಶೆಯಾಯಿತು. ಅಕ್ಕನ ಸಿನಿಮಾದಲ್ಲಿ ನಾಯಕ ಹುಲಿಯ ಜೊತೆ ಕಾದಾಡಿ ಗೆದ್ದಿದ್ದ. ಇಲ್ಲಿ ನೋಡಿದರೆ ಹುಲಿಯ ಸುಳಿವೇ ಇಲ್ಲ. ಊರಿಗೆ ಬಂದಾಗ ಕೇಳಿದೆ.

"ಅಕ್ಕಾ, ಹುಲಿ ಎಲ್ಲೈತಿ?"

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಡೈರೆಕ್ಟರಗ ನೆನಪಾಗಿರಾಕಿಲ್ಲ. ನಾ ಹಾಕಿದ್ನಿ" ಎಂದಳು.

ಲಗ್ನವಾಗಿ ಕುಬಿಹಾಳಕ್ಕೆ ಹೋದ ಮೇಲೆಯೂ ಅವಳ ದನಿ ಸುಮ್ಮನಾಗಲಿಲ್ಲ. ಅಲ್ಲಿಯ ಹೊಲದಲ್ಲಿ ಹತ್ತಿ ಬಿಡಿಸುವಾಗ ಅವಳು ಇರುವ ಸಾಲಿಗೇ ಹೆಂಗಸರು ಮುಗಿಬೀಳುತ್ತಿದ್ದರಂತೆ. ನಮ್ಮ ಭಾವ ಕಡಿಮೆ ಮಾತಿನ ಮನುಷ್ಯ. "ನಿಮ್ಮಕ್ಕ ಇದ್ದಲ್ಲೆ ರೇಡಿಯೋ ಬ್ಯಾಡ ನೋಡು" ಎನ್ನುವುದು ಅವರು ಆಡಿದ ಅತಿ ಉದ್ದದ ಮಾತು. ಸೋಬಾನೆ ಪದ ಎಂದರೆ ನೀಲಕ್ಕ, ಕೂಸಿನ ತೊಟ್ಟಿಲ ಪದ ಎಂದರೆ ನೀಲಕ್ಕ. ಪದದ ನಡುವೆ ಬೀಗರ ಹೆಸರು ಸೇರಿಸಿ ಚುಚ್ಚುವುದರಲ್ಲಿಯೂ ಅವಳನ್ನು ಮೀರಿಸುವವರಿರಲಿಲ್ಲ.

ಆಮೇಲೆ, ಕೆಲವು ವರ್ಷಗಳ ಹಿಂದೆ, ಅವಳ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಥೈರಾಯ್ಡಿನ ಗಂಟು, ತೆಗೆಯಲೇಬೇಕು ಎಂದರು ಡಾಕ್ಟರು. ದನಿಯ ನರ ಅಲ್ಲೇ ಬಾಜುವಿಗೆ ಹಾದುಹೋಗಿರುತ್ತದೆ, ದನಿ ಸ್ವಲ್ಪ ಬದಲಾಗಬಹುದು ಎಂದೂ ಮೊದಲೇ ಹೇಳಿದ್ದರು. ಆಪರೇಷನ್ ಚೆನ್ನಾಗಿಯೇ ಆಯಿತು, ಅಕ್ಕ ಗುಣವಾದಳು. ಆದರೆ ದನಿ ಮೊದಲಿನ ದನಿಯಾಗಿ ಬರಲಿಲ್ಲ. ಒಡೆದ ಕೊಳಲಿನಲ್ಲಿ ಊದಿದ ಹಾಗೆ ಅರ್ಧ ಗಾಳಿ, ಅರ್ಧ ಮಾತು. ಹತ್ತಿರ ಕುಳಿತವರಿಗೆ ಕೇಳಿಸುತ್ತಿತ್ತು, ಅಂಗಳದಲ್ಲಿದ್ದವರಿಗೆ ಇಲ್ಲ.

ಅಕ್ಕ ಅತ್ತದ್ದನ್ನು ನಾನು ನೋಡಲಿಲ್ಲ. ಅವಳು ಮಾಡಿದ್ದು ಇಷ್ಟೇ, ಮಾತನ್ನು ಕಡಿಮೆ ಮಾಡುತ್ತ ಹೋದಳು. ಫೋನು ಮಾಡಿದರೆ, "ಆರಾಮ ಅದೇನಿ" ಎಂದು ಭಾವನ ಕೈಗೆ ಕೊಟ್ಟುಬಿಡುತ್ತಿದ್ದಳು. ಲಗ್ನದ ಮನೆಯಲ್ಲಿ ಸೋಬಾನೆ ಶುರುವಾಗುವ ಹೊತ್ತಿಗೆ ಅಡಿಗೆಯ ಕಡೆ ಸರಿದು ಹೋಗುತ್ತಿದ್ದಳು. ಸೆರಗನ್ನು ಕುತ್ತಿಗೆಯ ಸುತ್ತ ಬಿಗಿಯಾಗಿ ಸುತ್ತಿಕೊಳ್ಳುವುದು ರೂಢಿಯಾಯಿತು. ಜನ ಮೊದಮೊದಲು ಒತ್ತಾಯ ಮಾಡಿದರು, ಆಮೇಲೆ ಬಿಟ್ಟರು. ಆ ಬಿಟ್ಟದ್ದೇ ಅವಳಿಗೆ ಹೆಚ್ಚು ನೋವಾಗಿತ್ತೇನೋ. ಅವಳ ಮನೆಗೆ ಹೋದಾಗ ನಾನೇ ಹೆಚ್ಚು ಮಾತಾಡುತ್ತಿದ್ದೆ. ಅಕ್ಕನ ಮುಂದೆ ನಾನು ಮಾತಾಡುವುದು ಎಂದರೆ, ಸವಾರನಿಲ್ಲದೆ ಕುದುರೆಯೊಂದೇ ಮೆರವಣಿಗೆ ಹೊರಟ ಹಾಗೆ.

ಹೀಗಿರುವಾಗ ಕುಬಿಹಾಳದ ಗ್ರಂಥಾಲಯಕ್ಕೆ ರೇಖಾ ಎಂಬ ಹುಡುಗಿ ಮೇಲ್ವಿಚಾರಕಿಯಾಗಿ ಬಂದಳು. ಊರಿನವಳೇ. ಓದಲು ಯಾರೂ ಬರುವುದಿಲ್ಲ ಎಂದು ಗೊಣಗುತ್ತ ಕೂಡುವ ಪೈಕಿಯಲ್ಲ. ಸಮುದಾಯ ಭವನದಲ್ಲಿ ತಿಂಗಳಿಗೊಮ್ಮೆ ಸಂಜೆ ಸಿನಿಮಾ ತೋರಿಸುವುದು, ನೋಡಲು ಬಂದವರಿಗೆ ಪುಸ್ತಕ ದಾಟಿಸುವುದು ಎಂಬುದು ಅವಳ ಉಪಾಯ. ಹುಬ್ಬಳ್ಳಿಯ ಗೆಳತಿಯೊಬ್ಬಳಿಂದ ಅವಳಿಗೆ ಒಂದು ವಿಯೆಟ್ನಾಮಿ ಸಿನಿಮಾ ಸಿಕ್ಕಿತ್ತು. ಸಾಮಾನ್ಯ ಜನರ ಕಥೆ, ನಮ್ಮವರಿಗೆ ಹಿಡಿಸುತ್ತದೆ ಎಂದು ಅವಳ ನಂಬಿಕೆ. ತೊಡಕು ಒಂದೇ. ಮಾತೆಲ್ಲ ವಿಯೆಟ್ನಾಮಿನದು, ಪರದೆಯ ಕೆಳಗೆ ಬರುವ ಅಕ್ಷರ ಇಂಗ್ಲಿಷಿನದು.

"ಸರ್, ನೀವು ಬಂದು ಮೈಕ್‌ನ್ಯಾಗ ಕನ್ನಡದಾಗ ಹೇಳ್ರಿ. ನಿಮ್ಮಷ್ಟು ಇಂಗ್ಲಿಷ್ ಬಲ್ಲವರು ಈ ಕಡೆ ಯಾರದಾರ್ರಿ?" ಎಂದು ಫೋನಿನಲ್ಲಿ ಕೇಳಿದಳು.

ಇಂಥ ಮಾತಿಗೆ ನಿವೃತ್ತ ಅಧ್ಯಾಪಕ ಇಲ್ಲ ಎಂದದ್ದು ಇತಿಹಾಸದಲ್ಲಿಲ್ಲ. ಸಿನಿಮಾ ಭಾನುವಾರ ಎಂದರೆ ಶನಿವಾರವೇ ನನ್ನ ಲ್ಯಾಪ್‌ಟಾಪ್ ಸಮೇತ ಅಕ್ಕನ ಮನೆಗೆ ಹೋದೆ. ಮೊದಲೇ ಒಮ್ಮೆ ನೋಡಿ ತಯಾರಿ ಮಾಡಿಕೊಳ್ಳುವ ವಿಚಾರ. ಪಡಸಾಲೆಯಲ್ಲಿ ಕುಳಿತು ರೇಖಾ ಕೊಟ್ಟ ಸಿನಿಮಾ ಹಚ್ಚಿದೆ. ಅಕ್ಕ ಅವರೆಕಾಯಿ ಸುಲಿಯುತ್ತ ಬಾಜುವಿನಲ್ಲಿ ಬಂದು ಕುಳಿತಳು.

ಕಥೆ ದೊಡ್ಡದೇನಲ್ಲ. ಸೈಗಾನಿನಲ್ಲಿ ಒಂದು ಕಾಲುವೆ, ಅದರ ದಂಡೆಯಲ್ಲಿ ಇಕ್ಕಟ್ಟಾದ ಓಣಿ. ಅಲ್ಲಿ ಲಾನ್ ಎಂಬ ನಡುವಯಸ್ಸಿನ ಹೆಂಗಸು ಬೆಳಗಿನ ಜಾವ ಎದ್ದು ಅಕ್ಕಿ ಶಾವಿಗೆಯ ಸಾರು ಮಾಡಿ ಫುಟ್‌ಪಾತಿನಲ್ಲಿ ಮಾರುತ್ತಾಳೆ. ಗಂಡ ಮೋಟರ್ ಸೈಕಲ್ಲಿನಲ್ಲಿ ಜನರನ್ನು ಕೂರಿಸಿಕೊಂಡು ಬಾಡಿಗೆ ಹೊಡೆಯುತ್ತಾನೆ. ಎದುರಿಗೆ ಮುದುಕ ಕ್ಷೌರಿಕನೊಬ್ಬ ಗೋಡೆಗೆ ಕನ್ನಡಿ ನೇತುಹಾಕಿ ಅಂಗಡಿ ನಡೆಸುತ್ತಾನೆ. ಕಾಲುವೆಯ ಗುಂಟ ಅಗಲವಾದ ರಸ್ತೆ ಬರುತ್ತದೆ ಎಂದು ಓಣಿಯನ್ನು ಕೆಡವುತ್ತಾರೆ. ಲಾನಳಿಗೆ ದೂರದ ಎತ್ತರದ ಕಟ್ಟಡದಲ್ಲಿ ಒಂದು ಮನೆ ಸಿಗುತ್ತದೆ. ನಳ, ಲಿಫ್ಟು, ಹೊಳೆಯುವ ನೆಲ ಎಲ್ಲ ಇವೆ. ಸಾರು ಕುಡಿಯುವ ಗಿರಾಕಿಗಳಿಲ್ಲ. ಇಷ್ಟೇ ಕಥೆ.

ನಾನು ಇಂಗ್ಲಿಷ್ ಓದಿ ಓದಿ ನಿಲ್ಲಿಸುತ್ತ ಹಾಳೆಯ ಮೇಲೆ ಕನ್ನಡ ಮಾಡಿಕೊಂಡು ಅಕ್ಕನಿಗೂ ಓದಿ ಹೇಳುತ್ತಿದ್ದೆ. ಅಕ್ಕನ ಕಣ್ಣು ಪರದೆಯ ಮೇಲೆ, ಬೆರಳು ಅವರೆಕಾಯಿಯ ಮೇಲೆ. ಸ್ವಲ್ಪ ಹೊತ್ತಿಗೆ ಬೆರಳು ನಿಂತವು.

"ತಮ್ಮಾ, ಅಕಿಗೆ ಎಲ್ಲಾರೂ ಛೀ ಅಂತ ಯಾಕ ಬೈತಾರೋ?" ಎಂದು ಕೇಳಿದಳು.

ನಾನು ಬೈಗುಳವನ್ನು ಗಮನಿಸಿಯೇ ಇರಲಿಲ್ಲ. ನನ್ನ ಗಮನವೆಲ್ಲ ಕೆಳಗಿನ ಅಕ್ಷರದ ಮೇಲಿತ್ತು. ಹಿಂದಕ್ಕೆ ಸರಿಸಿ ಕೇಳಿದೆವು. ನಿಜ, ಸಾರು ಕುಡಿಯಲು ಬಂದ ಹುಡುಗರು, ಹುಡುಗಿಯರು ಎಲ್ಲರೂ "ಚೀ" ಎಂದೇ ಅವಳನ್ನು ಕರೆಯುತ್ತಿದ್ದರು. ಇಂಗ್ಲಿಷಿನಲ್ಲಿ ಆ ಮಾತಿಗೆ ಏನೂ ಬರೆದಿರಲಿಲ್ಲ. ಫೋನಿನಲ್ಲಿ ಹುಡುಕಿ ನೋಡಿದೆ. ಚೀ ಎಂದರೆ ಅಕ್ಕ.

ಅಕ್ಕನಿಗೆ ನಗು ಬಂತು. ಬಹಳ ದಿನಗಳ ಮೇಲೆ ಅವಳ ನಗುವಿನ ಸಪ್ಪಳ ಕೇಳಿದೆ, ಅದೂ ಅರ್ಧ ಗಾಳಿಯೇ. "ಅಯ್ಯ ಶಿವನ! ಅವರೂ ನಮ್ಮಂಗ ಸಂಬಂಧಾ ಹಚ್ಚಿ ಮಾತಾಡೂ ಮಂದಿ. ಮತ್ತ ಇಂಗ್ಲೀಷಿನ್ಯಾಗ ಅದನ್ನ್ಯಾಕ ಬಿಟ್ಟಾರ?" ಎಂದಳು.

"ಇಂಗ್ಲಿಷಿನ್ಯಾಗ ಗಿರಾಕಿ ಅಂಗಡಿಯಾಕಿಗೆ ಅಕ್ಕಾ ಅನ್ನಂಗಿಲ್ಲಕ್ಕಾ."

"ಅದನ್ನ ಕಲಿಸಿ ಕಲಿಸೇ ನೀ ಹಿಂಗ ಆಗೀದಿ" ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಆ ದಿನ ಇಡೀ ಸಿನಿಮಾ ನೋಡಿದಳು. ಭಾವ ಹೊಲದಿಂದ ಬಂದ ಮೇಲೆ ಅವರನ್ನೂ ಕೂರಿಸಿಕೊಂಡು ಮತ್ತೊಮ್ಮೆ ನೋಡಿದಳು. ಭಾನುವಾರ ಮುಂಜಾನೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಲ್ಯಾಪ್‌ಟಾಪಿನ ಮುಂದೆ ಮತ್ತೆ ಕುಳಿತಿದ್ದಳು. ಕೆಳಗಿನ ಅಕ್ಷರ ಅವಳಿಗೆ ಬೇಕಾಗಿರಲಿಲ್ಲ. ನಾನು ಹೇಳಿದ್ದು ಒಂದೇ ಸಲಕ್ಕೆ ಅವಳಲ್ಲಿ ಕುಳಿತುಬಿಟ್ಟಿತ್ತು. ಅವಳು ನೋಡುತ್ತಿದ್ದುದು ಲಾನಳ ಕೈಗಳನ್ನು, ಗಂಡ ಚಪ್ಪಲಿ ಬಿಡುವ ರೀತಿಯನ್ನು, ಮುದುಕ ಕನ್ನಡಿ ಒರೆಸುವುದನ್ನು. ತುಟಿ ಅಲ್ಲಾಡುತ್ತಿದ್ದವು.

ಸಂಜೆ ಸಮುದಾಯ ಭವನ ತುಂಬಿತ್ತು. ಮುಂದೆ ಮಕ್ಕಳು, ನಡುವೆ ಹೆಂಗಸರು, ಹಿಂದೆ ಗೋಡೆಗೆ ಒರಗಿದ ಗಂಡಸರು. ಹೆಂಗಸರ ಗುಂಪಿನ ಮುಂದಾಳು ಗಂಗವ್ವ ಎಂಬ ಮುದುಕಿ. ಕುಬಿಹಾಳದಲ್ಲಿ ಯಾವ ಕಾರ್ಯಕ್ರಮ ಚೆನ್ನಾಗಿತ್ತು, ಯಾವುದು ಇರಲಿಲ್ಲ ಎಂದು ತೀರ್ಮಾನಿಸುವವಳು ಅವಳೇ. ಪರದೆಯ ಬಾಜುವಿಗೆ ನನಗೊಂದು ಕುರ್ಚಿ, ಮೇಜು, ಮೈಕು. ಅಕ್ಕ ನನ್ನ ಪಕ್ಕದಲ್ಲಿ ಇನ್ನೊಂದು ಕುರ್ಚಿಯಲ್ಲಿ ಕುಳಿತಳು. ಹಾಳೆ ಕೆಳಗೆ ಬಿದ್ದರೆ ಎತ್ತಿಕೊಡಲು ಎಂದು ಹೇಳಿ ನಾನೇ ಕರೆದಿದ್ದೆ. ಅಷ್ಟು ಮಂದಿಯ ಮುಂದೆ ಬಂದು ಕುಳಿತದ್ದೇ ಹೆಚ್ಚು.

ಸಿನಿಮಾ ಶುರುವಾಯಿತು. ನಾನು ಗಂಟಲು ಸರಿಮಾಡಿಕೊಂಡು ಆರಂಭಿಸಿದೆ. "ನನ್ನ ಬಾಳು ಈ ಕಾಲುವೆಯ ನೀರಿನಂತೆ ನಿಶ್ಚಲವಾಗಿದೆ."

"ಯಾರ ಬಾಳು?" ಎಂದಳು ಗಂಗವ್ವ.

ನಾನು ಉತ್ತರ ಕೊಡುವಷ್ಟರಲ್ಲಿ ಪರದೆಯ ಮೇಲೆ ಎರಡು ಮಾತು ಹೋಗಿಬಿಟ್ಟವು. ಅವನ್ನು ಹಿಡಿಯಲು ಹೋಗಿ ಮುಂದಿನ ನಾಲ್ಕು ತಪ್ಪಿದವು. ತರಗತಿಯಲ್ಲಿ ಒಂದು ಸಾಲನ್ನು ಒಂದು ತಾಸು ವಿವರಿಸಿ ಬದುಕಿದವನಿಗೆ ಸಿನಿಮಾದ ಓಟ ಎಲ್ಲಿ ನಿಲುಕಬೇಕು? ಮುದುಕ ಕ್ಷೌರಿಕ ಬಾಯಿ ತೆರೆದಾಗ ನಾನು ಲಾನಳ ಮಾತು ಓದುತ್ತಿದ್ದೆ. "ನನ್ನ ಸೀರೆ ಒಣಗಿದೆಯೇ ನೋಡು" ಎಂದು ಅವನು ಅಂದ ಹಾಗಾಗಿ ಹಿಂದಿನ ಗೋಡೆಯವರೆಗೂ ನಗೆ ಹಬ್ಬಿತು. ಸೈಗಾನಿನಲ್ಲಿ ಸೀರೆ ಎಲ್ಲಿಂದ ಬಂತು ಎಂದು ಕೇಳಬೇಡಿ, ಅದು ನನ್ನ ಸ್ವತಂತ್ರ ಅನುವಾದ.

ಗಂಗವ್ವ ಸಹಿಸಲಿಲ್ಲ. "ಯಪ್ಪಾ, ನೀ ಶಾಣ್ಯಾ ಅದಿ ಖರೆ. ಪಾಠಾ ಮಾಡಾಕತ್ತಿಯೋ, ಸಿನಿಮಾ ತೋರಸಾಕತ್ತಿಯೋ?"

ಅಷ್ಟರಲ್ಲಿ ಹುಡುಗನೊಬ್ಬ ಪರದೆಯ ಮೇಲೆ ಬಂದು ಲಾನಳಿಗೆ "ಚೀ" ಎಂದ. ಮುಂದಿದ್ದ ಮಕ್ಕಳೆಲ್ಲ "ಛೀ! ಛೀ!" ಎಂದು ಕೂಗಲು ಹತ್ತಿದರು. ನಾನು ಬೆವರುತ್ತ ಹಾಳೆ ತಿರುವುತ್ತಿದ್ದೆ. ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿ, "ಹೇಳೋ ತಮ್ಮಾ, ಅದು ಬೈಗುಳ ಅಲ್ಲ, ಉಣ್ಣಾಕ ಬಂದಾವೆಲ್ಲಾ ಅಕಿಗೆ ಅಕ್ಕಾ ಅಕ್ಕಾ ಅನ್ನಾಕತ್ತಾವ ಅಂತ ಹೇಳು" ಎಂದಳು.

ಮೈಕು ನನ್ನ ಕೈಯಲ್ಲಿಯೇ ಇತ್ತು, ಅವಳ ಬಾಯಿಯ ಹತ್ತಿರ. ಆ ಮಾತು ಇಡೀ ಭವನಕ್ಕೆ ಕೇಳಿಸಿತು.

ಮಕ್ಕಳು ಸುಮ್ಮನಾದರು. ಹೆಂಗಸರ ನಡುವೆ ಪಿಸುಮಾತು ಓಡಾಡಿತು.

"ಯಾರ ದನಿ ಅದು?"

"ನೀಲಕ್ಕಂದಲ್ಲೇನ?"

ಗಂಗವ್ವ ಕುಳಿತಲ್ಲಿಯೇ ಕುತ್ತಿಗೆ ಉದ್ದ ಮಾಡಿ, "ನೀಲಾ, ನೀ ಹೇಳವಾ" ಎಂದಳು.

ಅಕ್ಕ ಕುರ್ಚಿಯಲ್ಲಿ ಹಿಂದಕ್ಕೆ ಸರಿದಳು. ಕೈ ತಾನಾಗಿಯೇ ಕುತ್ತಿಗೆಯ ಸೆರಗಿಗೆ ಹೋಯಿತು. ನಾನು ಮೈಕನ್ನು ಮುಂದೆ ಹಿಡಿದೆ. ತಲೆ ಅಲ್ಲಾಡಿಸಿ, ಮೈಕಿಗೆ ಕೇಳಿಸದ ಹಾಗೆ ಮುಖ ಆಚೆ ತಿರುಗಿಸಿ, "ಬ್ಯಾಡೋ, ಒಡಕ ದನಿ. ಮಂದಿ ನಗ್ತಾರ" ಎಂದಳು.

"ನನಗ ನಕ್ಕಾಯ್ತಲ್ಲಕ್ಕಾ. ಇನ್ನ ಯಾರಿಗೆ ನಗ್ತಾರ?"

ಪರದೆಯ ಮೇಲೆ ಸಿನಿಮಾ ಯಾರಿಗೂ ಕಾಯುತ್ತಿರಲಿಲ್ಲ. ಓಣಿಗೆ ಅಧಿಕಾರಿಗಳು ಬಂದಿದ್ದರು, ಗೋಡೆಗೋಡೆಗೆ ಬಣ್ಣದ ಗುರುತು ಹಾಕುತ್ತಿದ್ದರು. ಲಾನ್ ಸೌಟು ಹಿಡಿದು ನಿಂತು ನೋಡುತ್ತಿದ್ದಳು. "ಏನಾತ್ರೀ? ಯಾಕ ಬಣ್ಣಾ ಹಚ್ಚಾಕತ್ತಾರ?" ಎಂದು ಹಿಂದಿನಿಂದ ಯಾರೋ ಕೂಗಿದರು. ಯಾರೂ ಹೇಳುವವರಿಲ್ಲ. ನಾನು ಹಾಳೆ ಮಡಚಿ ಜೇಬಿನಲ್ಲಿ ಇಟ್ಟುಕೊಂಡುಬಿಟ್ಟೆ.

ಅಕ್ಕ ಒಮ್ಮೆ ಪರದೆ ನೋಡಿದಳು, ಒಮ್ಮೆ ಜನರನ್ನು ನೋಡಿದಳು. ಅಷ್ಟು ಮಂದಿ ಕಥೆ ಗೊತ್ತಾಗದೆ ಕುಳಿತಿರುವುದನ್ನು ಸಹಿಸುವ ಶಕ್ತಿ ಅವಳಿಗೆ ದೇವರು ಕೊಟ್ಟಿರಲಿಲ್ಲ. ನನ್ನ ಕೈಯಿಂದ ಮೈಕು ತೆಗೆದುಕೊಂಡಳು.

"ಹುಬ್ಬಳ್ಯಾಗ ರಸ್ತೆ ಅಗಲಾ ಮಾಡೂ ಮುಂದ ಗ್ವಾಡಿಗೆ ಗುರುತು ಹಾಕಿದ್ರಲ್ಲ, ಇದೂ ಅದ. ಇಲ್ಲಿತನಾ ಒಡೀತೀವಿ ಅನ್ನಾಕತ್ತಾರ. ಈ ಗುರುತಿನ ಹಿಂದ ಅಕಿ ಒಲಿ ಐತಿ, ನೋಡ್ರಿ."

ಭವನದಲ್ಲಿ ಒಂದು ಉಸಿರು ಒಳಕ್ಕೆ ಹೋದ ಸಪ್ಪಳ ಕೇಳಿಸಿತು. ರೇಖಾ ಓಡಿಹೋಗಿ ಸೌಂಡು ಹೆಚ್ಚು ಮಾಡಿದಳು.

ಆ ದನಿಯ ಬಗ್ಗೆ ನಾನು ಏನು ಹೇಳಲಿ? ಅಂಗಳಕ್ಕೂ ಮುಟ್ಟದ ಆ ದನಿಗೆ ಮೈಕು ಸಿಕ್ಕಿದ್ದೇ ತಡ, ಮೂಲೆಯಲ್ಲಿ ಕುಳಿತ ಒಬ್ಬೊಬ್ಬರ ಕಿವಿಗೂ ಬಂದು ಗುಟ್ಟು ಹೇಳುವ ಹಾಗಾಯಿತು. ಅರ್ಧ ಗಾಳಿ, ಅರ್ಧ ಮಾತು ಎಂದೆನಲ್ಲ, ಆ ಗಾಳಿಯಲ್ಲಿ ಕಾಲುವೆಯ ದಂಡೆ ಇತ್ತು, ಬೆಳಗಿನ ಚಳಿ ಇತ್ತು. ಮೊದಲಿನಂತೆ ನಾಯಕನಿಗೊಂದು, ಖಳನಿಗೊಂದು ದನಿ ಮಾಡಲು ಈಗ ಅವಳಿಗೆ ಸಾಧ್ಯವಿರಲಿಲ್ಲ. ಇದ್ದದ್ದು ಒಂದೇ ದನಿ. ಅದನ್ನೇ ಎಲ್ಲರಿಗೂ ಹಂಚಿದಳು. ಲಾನ್ ಎಂಬ ಹೆಸರು ಅವಳ ಬಾಯಲ್ಲಿ ಲಾನವ್ವ ಆಯಿತು. ಅಕ್ಕಿ ಶಾವಿಗೆಯ ಸಾರು ಕುದಿಯುವಾಗ, "ನಮ್ಮ ಕಡೆ ಮುಂಜಾನಿ ಮಿರ್ಚಿ ಭಜಿ ವಾಸನಿ ಬಂದ್ರ ಬಸ್ ತಪ್ಪಿಸಿಕೊಂಡು ನಿಲ್ಲೂದಿಲ್ಲೇನು, ಹಂಗ ಅಲ್ಲಿ ಇದು" ಎಂದಳು. ಹಿಂದಿನ ಗೋಡೆಗೆ ಒರಗಿದ್ದ ಗಂಡಸರು ಒಬ್ಬೊಬ್ಬರಾಗಿ ಮುಂದೆ ಬಂದು ನೆಲದ ಮೇಲೆ ಕುಳಿತರು.

ಓಣಿ ಕೆಡವುವ ದೃಶ್ಯ ಬಂತು. ಗೋಡೆ ಬೀಳುವ ಮುನ್ನ ಮುದುಕ ಕ್ಷೌರಿಕ ಕನ್ನಡಿಯನ್ನು ಇಳಿಸಿ ಎದೆಗವಚಿಕೊಂಡು ಹೊರಡುತ್ತಾನೆ. ದಾರಿಯುದ್ದಕ್ಕೂ ಆ ಕನ್ನಡಿಯಲ್ಲಿ ಮುರಿದ ಓಣಿ ಕಾಣುತ್ತ ಹೋಗುತ್ತದೆ. ಅಕ್ಕ ಹೇಳಿದಳು, "ಓಣಿ ಎಲ್ಲಾರೂ ಇಷ್ಟು ವರ್ಷ ಇದರಾಗ ಮುಖಾ ನೋಡ್ಕೊಂಡಾರ. ಇವತ್ತ ಓಣೀನ ಬಂದು ನೋಡ್ಕೊಂಡು ಹೊಂಟೈತಿ."

ಈ ಮಾತು ಇಂಗ್ಲಿಷಿನಲ್ಲಿ ಇರಲಿಲ್ಲ. ವಿಯೆಟ್ನಾಮಿಯಲ್ಲಿಯೂ ಇರಲಿಲ್ಲ, ಆ ದೃಶ್ಯದಲ್ಲಿ ಮಾತೇ ಇಲ್ಲ.

ಆಮೇಲೆ ಎತ್ತರದ ಕಟ್ಟಡದ ಹೊಸ ಮನೆ. ಅಲ್ಲಿ ಗಂಡ ಹೆಂಡತಿ ಎದುರುಬದುರು ಕುಳಿತು ಉಣ್ಣುವ ಒಂದು ದೀರ್ಘ ದೃಶ್ಯವಿದೆ. ಅವನಿಗೆ ಹೊಸ ಮನೆ ಸೇರಿದೆ, ಅವಳಿಗೆ ಸೇರಿಲ್ಲ. ಇಬ್ಬರಿಗೂ ಅದು ಗೊತ್ತು, ಇಬ್ಬರೂ ಹೇಳುವುದಿಲ್ಲ. ಬಟ್ಟಲಿನ ಸಪ್ಪಳ ಮಾತ್ರ. ಆ ಹೊತ್ತಿನಲ್ಲಿ ಅಕ್ಕ ಮೈಕನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ಜನ ಕಾದರು. ಇನ್ನೂ ಕಾದರು.

"ಯಾಕವಾ, ಸುಮ್ಮನಾದ್ಯಲ್ಲ?" ಎಂದಳು ಗಂಗವ್ವ.

ಅಕ್ಕ ಮೈಕು ಎತ್ತಿದಳು. "ಅವರೂ ಸುಮ್ಮನ ಅದಾರಲ್ರಿ. ನೋಡ್ರಿ."

ಭವನ ಪೂರಾ ನಿಶ್ಶಬ್ದವಾಯಿತು. ಮಕ್ಕಳು ಕೂಡ. ಪರದೆಯ ಮೇಲೆ ದೂರದೇಶದ ಗಂಡ ಹೆಂಡತಿ, ಇತ್ತ ಕುಬಿಹಾಳದ ಗಂಡ ಹೆಂಡಿರು, ಯಾರ ಬಾಯಲ್ಲೂ ಮಾತಿಲ್ಲ. ಇಲ್ಲದ ಹುಲಿಯನ್ನು ತಂದು ನಿಲ್ಲಿಸುತ್ತಿದ್ದ ನನ್ನ ಅಕ್ಕ, ಇದ್ದ ಮೌನಕ್ಕೆ ಒಂದು ಮಾತನ್ನೂ ಸೇರಿಸಲಿಲ್ಲ. ನಾನು ಎಷ್ಟೋ ಪಂಡಿತರ ಉಪನ್ಯಾಸ ಕೇಳಿದ್ದೇನೆ, ಕೆಲವನ್ನು ಕೊಟ್ಟೂ ಇದ್ದೇನೆ. ಎಲ್ಲಿ ಸುಮ್ಮನಿರಬೇಕು ಎಂದು ಬಲ್ಲವರನ್ನು ಕಂಡದ್ದು ಕಡಿಮೆ. ನನ್ನ ಕಣ್ಣು ತುಂಬಿತು. ಮೆಣಸಿನಕಾಯಿಯ ನೆಪ ಹೇಳಲೂ ಅಲ್ಲಿ ಅವಕಾಶವಿರಲಿಲ್ಲ.

ಸಿನಿಮಾದ ಕೊನೆಯಲ್ಲಿ ಲಾನ್ ಒಂದು ಬೆಳಿಗ್ಗೆ ಸಾರಿನ ಪಾತ್ರೆ, ಒಂದಿಷ್ಟು ಸ್ಟೂಲು ಹೊತ್ತುಕೊಂಡು ಲಿಫ್ಟಿನಲ್ಲಿ ಇಳಿದು ಬರುತ್ತಾಳೆ. ಬಸ್ಸು ಹಿಡಿದು ಹಳೆಯ ಓಣಿ ಇದ್ದ ಜಾಗಕ್ಕೆ ಹೋಗುತ್ತಾಳೆ. ಅಲ್ಲೀಗ ಅಗಲವಾದ ರಸ್ತೆ, ಅವಳ ಅಳತೆಗೆ ಮೀರಿದ ಫುಟ್‌ಪಾತು. ಒಲೆ ಹಚ್ಚಿ, ಸ್ಟೂಲು ಇಟ್ಟು, ತಾನೂ ಒಂದರ ಮೇಲೆ ಕುಳಿತು ಕಾಯುತ್ತಾಳೆ. ವಾಹನಗಳು ಸರಸರನೆ ಹೋಗುತ್ತಿವೆ. ಪರದೆ ಕಪ್ಪಾಗುತ್ತದೆ.

ದೀಪ ಹತ್ತಿದವು. ಯಾರೂ ಏಳಲಿಲ್ಲ.

"ಮುಂದ?" ಎಂದಳು ಗಂಗವ್ವ.

"ಮುಗೀತ್ರೀ ಅಜ್ಜಿ" ಎಂದಳು ರೇಖಾ.

"ಹೆಂಗ ಮುಗೀತು? ಗಿರಾಕಿ ಬಂದ್ರೋ ಇಲ್ಲೋ?" ಗಂಗವ್ವನ ದನಿಯಲ್ಲಿ ಸಿಟ್ಟೇ ಇತ್ತು. ಅವಳ ಹಿಂದೆ ಕುಳಿತ ಹೆಂಗಸರೆಲ್ಲ ಅಕ್ಕನ ಕಡೆಗೇ ನೋಡುತ್ತಿದ್ದರು. ಅವರಲ್ಲಿ ಒಬ್ಬಳು ಬಸ್ ನಿಲ್ದಾಣದಲ್ಲಿ ಶೇಂಗಾ ಮಾರುವವಳು, ಒಬ್ಬಳು ಮನೆಯಲ್ಲಿಯೇ ರೊಟ್ಟಿ ಬಡಿದು ಅಂಗಡಿಗೆ ಹಾಕುವವಳು. ಅವರಿಗೆ ಅದು ಸಿನಿಮಾದ ಪ್ರಶ್ನೆಯಾಗಿರಲಿಲ್ಲ.

ಅಕ್ಕ ಖಾಲಿ ಪರದೆಯಿಂದ ಅವರತ್ತ ತಿರುಗಿದಳು. ಮೈಕು ತುಟಿಗೆ ತಂದಳು. "ಅವರು ತೋರಸಿಲ್ರಿ. ಆದ್ರ ಅಕಿ ಕೂತ ರೀತಿ ನೋಡಿದ್ರಿಲ್ಲೋ? ಬರೂತನಾ ಕೂಡಾಕಿ ಅಕಿ. ಇವತ್ತ ಬರಲಿಲ್ಲಂದ್ರ ನಾಳೆನೂ ಒಲಿ ಹಚ್ಚತಾಳ."

ಗಂಗವ್ವ ಅದನ್ನು ಮನಸ್ಸಿನಲ್ಲಿ ತೂಗಿ ನೋಡಿದಳು. ಆಮೇಲೆ, "ಹಾಂ. ಹಂಗಂದ್ರ ಛಲೋ ಆತು" ಎಂದು ಮೊಳಕಾಲ ಮೇಲೆ ಕೈಯೂರಿ ಎದ್ದಳು. ಅವಳು ಎದ್ದ ಮೇಲೆ ಉಳಿದವರೂ ಎದ್ದರು. ಆದರೆ ಬಾಗಿಲ ಕಡೆ ಹೋಗಲಿಲ್ಲ, ಅಕ್ಕನ ಕಡೆ ಬಂದರು. ಶೇಂಗಾ ಮಾರುವವಳು ಅವಳ ಎರಡೂ ಕೈ ಹಿಡಿದುಕೊಂಡಳು. ನಮ್ಮ ಭಾವ ಬಾಗಿಲಲ್ಲಿ ನಿಂತು, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ಬಹಳ ಹೊತ್ತು ಮುಖ ಮುಚ್ಚಿಕೊಂಡಿದ್ದರು.

ಮನೆಗೆ ಬಂದ ಮೇಲೆ ಅಕ್ಕನಿಗೆ ದನಿಯೇ ಇರಲಿಲ್ಲ. ಅಷ್ಟು ದಣಿದಿತ್ತು ಗಂಟಲು. ಭಾವ ಬಿಸಿನೀರಿಗೆ ಬೆಲ್ಲ, ಮೆಣಸು ಹಾಕಿ ಕುದಿಸಿ ತಂದುಕೊಟ್ಟರು. ಅವಳು ಗುಟುಕು ಗುಟುಕಾಗಿ ಕುಡಿಯುತ್ತ, ನನ್ನತ್ತ ನೋಡಿ, ಬೆರಳಿನಿಂದ ಗಾಳಿಯಲ್ಲಿ ಸೀರೆ ಒಣಹಾಕುವ ಹಾಗೆ ಮಾಡಿ, ಭುಜ ಅಲುಗಿಸುತ್ತ ನಕ್ಕಳು. ಕ್ಷೌರಿಕನ ಸೀರೆ. ಅದನ್ನು ಅವಳು ಈ ಜನ್ಮದಲ್ಲಿ ಬಿಡುವುದಿಲ್ಲ.

ಈಗ ಕುಬಿಹಾಳದಲ್ಲಿ ತಿಂಗಳಿಗೊಮ್ಮೆ ಸಿನಿಮಾ ಇದ್ದೇ ಇದೆ. ವಿಚಿತ್ರವೆಂದರೆ, ಕನ್ನಡ ಸಿನಿಮಾ ತೋರಿಸಿದಾಗಲೂ ನೀಲಕ್ಕ ಹೇಳಲಿ ಎಂದು ಗಂಗವ್ವ ಹಟ ಹಿಡಿಯುತ್ತಾಳಂತೆ. ರೇಖಾಳ ಗ್ರಂಥಾಲಯದಿಂದ ಭೂಪಟದ ಪುಸ್ತಕ ಆಗಾಗ ಹೊರಗೆ ಹೋಗುತ್ತದಂತೆ, ಮಕ್ಕಳು ಸೈಗಾನ್ ಹುಡುಕಲು ಒಯ್ಯುತ್ತಾರಂತೆ. ಅಕ್ಕನ ದನಿ ಹಾಗೆಯೇ ಇದೆ, ಸುಧಾರಿಸಿಲ್ಲ. ಅದು ಒಡಕು ಎಂದು ಅವಳು ಮಾತ್ರ ಈಗ ಹೇಳುವುದಿಲ್ಲ.

ಮೊನ್ನೆ ಕಲಘಟಗಿಯಿಂದ ಕರೆ ಬಂತು. ಅಲ್ಲಿಯ ಮಹಿಳಾ ಸಂಘದವರು ಸುದ್ದಿ ಕೇಳಿ, ಆ ಸಿನಿಮಾ ನಮಗೂ ಬೇಕು, ಹೇಳುವ ಅಕ್ಕನವರೂ ಬೇಕು ಎಂದರು. ಹೊರಡುವ ದಿನ ಅಕ್ಕ ಇಳಕಲ್ ಸೀರೆ ಉಟ್ಟಳು. ಸೆರಗನ್ನು ಕುತ್ತಿಗೆಗೆ ಸುತ್ತಿಕೊಳ್ಳದೆ, ಹೆಗಲ ಮೇಲೆ ಸುಮ್ಮನೆ ಬಿಟ್ಟಿದ್ದಳು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಹೋದೆವು. ಕಿಟಕಿಯ ಪಕ್ಕ ಅವಳು, ಲ್ಯಾಪ್‌ಟಾಪ್ ಚೀಲ ಮಡಿಲಲ್ಲಿಟ್ಟುಕೊಂಡು ನಾನು.

ಕಲಘಟಗಿಯಲ್ಲಿ ಸಭಾಂಗಣದ ಬಾಗಿಲಲ್ಲಿಯೇ ಹೆಂಗಸರು ಆರತಿ ತಟ್ಟೆ ಹಿಡಿದು ನಿಂತಿದ್ದರು. "ಬರ್ರಿ ಅಕ್ಕಾರ, ಬರ್ರಿ" ಎಂದು ಅವಳನ್ನು ಸುತ್ತುವರಿದು, ಮಲ್ಲಿಗೆ ಮುಡಿಸಿ, ಒಳಗೆ ಕರೆದುಕೊಂಡು ಹೋಗಿಯೇಬಿಟ್ಟರು. ನಾನು ಹೊರಗೆ ಉಳಿದೆ. ಬಾಗಿಲಲ್ಲಿದ್ದ ಹೆಣ್ಣುಮಗಳೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ತಾವು ಯಾರ್ರಿ?" ಎಂದು ಕೇಳಿದಳು.

ಈ ಪ್ರಶ್ನೆಗೆ ನಾನು ಜೀವಮಾನವಿಡೀ ಪದವಿ, ಕಾಲೇಜು, ಹುದ್ದೆ ಎಲ್ಲ ಸೇರಿಸಿ ಉತ್ತರ ಕೊಟ್ಟವನು. ಅವತ್ತು ಎದೆ ಉಬ್ಬಿಸಿ ಹೇಳಿದೆ.

"ನಾ ಅಕ್ಕಾರ ತಮ್ಮರಿ. ಅವರು ಹೇಳೂ ಮುಂದ ಮೈಕ್ ಹಿಡೀತೇನಿ."

"ಅಯ್ಯ, ಮೊದಲ ಹೇಳಬಾರದೇನ್ರಿ!" ಎಂದು ಆಕೆ ಎರಡೂ ಬಾಗಿಲು ತೆರೆದಳು.